ಬಾನೆಟ್ಟಿನೊಳಗಿನ ಕಂಬಳಿ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಗಾಡಿಗಳ ಸೀಟು ಹೊಲಿಯುತ್ತಿದ್ದ ಸೊಣ್ಣಪ್ಪ ಹೆದರುಪುಕ್ಕಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಬಾವಿಗೆ ಬಗ್ಗುವಾಗ ಅವನ ಒಂದು ಕೈ ರಾಟೆಯ ಕಂಬವನ್ನು ಬಿಡುತ್ತಿರಲಿಲ್ಲ. ಖಾಕಿ ತೊಟ್ಟವರು ಯಾರು ಬಂದರೂ, ಪೋಸ್ಟ್‌ಮ್ಯಾನ್ ಬಂದರೂ, ಸೂಜಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಹೊಲಿಗೆ ಬಿಚ್ಚಿ ಯಾರಾದರೂ ಬಿದ್ದರೆ ಏನು ಗತಿ ಎಂದು, ಒಂದು ಹೊಲಿಗೆ ಸಾಕಾದ ಕಡೆ ಮೂರು ಹಾಕುತ್ತಿದ್ದ. ಲಾರಿಯವರು ಅವನಿಗೆ ಮೂರ್ಹೊಲಿಗೆ ಸೊಣ್ಣಪ್ಪ ಎಂದೇ ಹೆಸರಿಟ್ಟಿದ್ದರು. ನಗುತ್ತಲೇ ಕರೆಯುತ್ತಿದ್ದರು, ಆದರೆ ಕೆಲಸವನ್ನು ಅವನಿಗೇ ಕೊಡುತ್ತಿದ್ದರು.

ಅವನ ಅಪ್ಪ ಆವಣಿ ಕಡೆಯ ಹಳ್ಳಿಯೊಂದರಲ್ಲಿ ಕಂಬಳಿ ನೇಯುತ್ತಿದ್ದ. ಸೊಣ್ಣಪ್ಪ ಹತ್ತು ವರ್ಷದವನಿದ್ದಾಗ ಮಗ್ಗದ ಗುಂಡಿಗೆ ಕಾಲಿಳಿಸಿದ್ದೇ, ತಣ್ಣಗಿನದೇನೋ ಪಾದದ ಮೇಲೆ ಹರಿದುಹೋಯಿತು. ಹಾವು ಕಚ್ಚಲಿಲ್ಲ, ತನ್ನ ಪಾಡಿಗೆ ಗೋಡೆಯ ಬಿರುಕಿಗೆ ಸೇರಿಕೊಂಡಿತು. ಆದರೆ ಅವನು ಮತ್ತೆ ಆ ಗುಂಡಿಗೆ ಇಳಿಯಲಿಲ್ಲ. ಅಪ್ಪ ಬೈದ, ಹೊಡೆದ, ಕೊನೆಗೆ ಕೈಹಿಡಿದು ಮುಳಬಾಗಿಲಿಗೆ ಕರೆತಂದು ಜಟಕಾಗಳಿಗೆ ಮೆತ್ತೆ ಹೊಲಿಯುತ್ತಿದ್ದ ಸಾಬರ ಹತ್ತಿರ ಬಿಟ್ಟುಹೋದ. ಜಟಕಾಗಳು ಕಡಿಮೆಯಾದ ಮೇಲೆ ಲಾರಿಗಳು ಬಂದವು, ಬಸ್ಸುಗಳು ಬಂದವು, ಸೊಣ್ಣಪ್ಪನ ಸೂಜಿ ನಿಲ್ಲಲಿಲ್ಲ. ಅಪ್ಪ ಸತ್ತಾಗ ತಾಯಿ ದೊಡ್ಡಗಂಗಮ್ಮ ಅವನು ನೆಯ್ದಿದ್ದ ನಾಲ್ಕು ಕರಿಕಂಬಳಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಮಗನ ಮನೆಗೆ ಬಂದಳು.

ಹೆಂಡತಿ ಮುನಿಯಲ್ಲಮ್ಮ ಅವನ ಅಕ್ಕನ ಮಗಳೇ. ದೊಡ್ಡಗಂಗಮ್ಮ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಗಂಡನನ್ನು ಅವಳು ಚಿಕ್ಕಂದಿನಲ್ಲಿ ಕರೆದಂತೆ ಮಾವ ಎಂದೇ ಕರೆಯುತ್ತಿದ್ದಳು. ಒಬ್ಬಳೇ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಮೂವರೇ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆ. ಸೋಮವಾರ ಬೆಳಿಗ್ಗೆ ಕೋದಂಡರಾಮಪ್ಪನವರ ಕಪ್ಪು ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಅವರು ಚಿನ್ನದ ಗಣಿಯ ಉಗ್ರಾಣದಲ್ಲಿ ಕೆಲಸಕ್ಕಿದ್ದು ನಿವೃತ್ತರಾದವರು. ಇಪ್ಪತ್ತು ವರ್ಷದ ಹಿಂದೆ ಗಣಿ ಬಿಟ್ಟು ತನ್ನ ಸೀಮೆ ಇಂಗ್ಲೆಂಡಿಗೆ ಹೊರಟ ಎಂಜಿನಿಯರ್ ದೊರೆಯೊಬ್ಬ ತನ್ನ ಹಂಬರ್ ಕಾರನ್ನು ಇವರಿಗೆ ಮಾರಿದ್ದ. ಊರಿನವರ ಬಾಯಲ್ಲಿ ಅದು ಈಗಲೂ ದೊರೆ ಕಾರು. ಮದುವೆಗೆ, ಆಸ್ಪತ್ರೆಗೆ, ಯಾರದಾದರೂ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಮಾತ್ರ ಹೊರಗೆ ಬರುತ್ತಿತ್ತು.

"ಸೊಣ್ಣಪ್ಪಾ, ಬಾ ಇಲ್ಲಿ. ಇವಳ ಹೊಟ್ಟೆ ಹೆಂಗೆ ಜೋತುಬಿದ್ದಿದೆ ನೋಡು."

ಅವರು ಬಾನೆಟ್ ಎತ್ತಿದರು. ಅದರ ಒಳಮೈಗೆ ಸೀಮೆಯಲ್ಲೇ ಅಂಟಿಸಿದ್ದ ದಪ್ಪ ಉಣ್ಣೆಯ ಮೆತ್ತೆ ಎಣ್ಣೆ ಕುಡಿದು, ಧೂಳು ಕುಡಿದು, ಕರು ಹಾಕಿದ ಎಮ್ಮೆಯ ಹೊಟ್ಟೆಯಂತೆ ಕೆಳಕ್ಕೆ ಜಗ್ಗಿತ್ತು. ಒಂದು ಮೂಲೆಯನ್ನು ಎಂಜಿನ್ನಿನ ಫ್ಯಾನು ಕಚ್ಚಿ ಹರಿದಿತ್ತು.

"ಕಿತ್ತು ಬಿಸಾಕಿದ್ರೆ ಆಗಲ್ವಾ ಸಾರ್?"

"ಬಿಸಾಕಿದ್ರೆ ಮೇಲಿನ ಬಣ್ಣ ಕಾದು ಹಪ್ಪಳ ಏಳ್ತದೆ. ಸದ್ದು ಬೇರೆ. ಮಗು ಬೆಚ್ಚಿಬೀಳ್ತದೆ ಕಣೋ. ಬುಧವಾರ ನಮ್ಮ ಶಾಮಲಮ್ಮನ್ನ ಕಳಿಸಿಕೊಡ್ಬೇಕು. ಮಗುಗೆ ಐದು ತಿಂಗಳು ಆಯ್ತು. ಟೇಕಲ್ ದಾಟಿ ಮಾಲೂರು ದಾರೀಲಿ ಅವಳ ಅತ್ತೆಮನೆ. ಅಷ್ಟರಲ್ಲಿ ಹೊಸಾ ಮೆತ್ತೆ ಹಾಕಿಬಿಡು."

ನಾನು ಸೀಟು ಹೊಲಿಯುವವನು, ಎಂಜಿನ್ನಿನ ಕೆಲಸ ನನ್ನದಲ್ಲ, ಈ ಕೆಲಸ ನನಗೆ ಬಾರದು ಎಂಬ ಮಾತು ಸೊಣ್ಣಪ್ಪನ ಗಂಟಲಿಗೆ ಬಂದಿತ್ತು. ಎದುರಿಗೆ ನಿಂತವರ ಇಸ್ತ್ರಿ ಮಾಡಿದ ಅಂಗಿ, ಬೆಳ್ಳಿ ಕಟ್ಟಿನ ಕನ್ನಡಕ, ದೊಡ್ಡವರಿಗೆ ಇಲ್ಲವೆಂದರೆ ಏನಂದುಕೊಳ್ಳುವರೋ ಎಂಬ ಭಯ.

"ಆಯ್ತು ಸಾರ್," ಎಂದ.

ಹಳೆಯ ಮೆತ್ತೆಯನ್ನು ಕಿತ್ತು, ಸೀಮೆಎಣ್ಣೆಯ ಬಟ್ಟೆಯಲ್ಲಿ ತಗಡನ್ನು ಉಜ್ಜಿ ಉಜ್ಜಿ ಬೆಳಗಿಸಿದ. ಹೊಸ ಮೆತ್ತೆಗೆ ಅಪ್ಪನ ಕಂಬಳಿಗಿಂತ ಒಳ್ಳೆಯದೇನಿದೆ? ತಾಯಿ ಒಂದನ್ನು ಮಡಿಕೆ ಬಿಚ್ಚಿ ಕೊಟ್ಟಳು. ತೊಡಕು ಬಂದದ್ದು ಅಂಟಿನ ವಿಷಯದಲ್ಲಿ. ರೆಕ್ಸಿನ್ ಅಂಟಿಸಲು ಅವನು ಬಳಸುತ್ತಿದ್ದ ಸಲ್ಯೂಷನ್ ಪೆಟ್ರೋಲಿನಂತೆ ನಾರುತ್ತಿತ್ತು. ಒಮ್ಮೆ ಪಕ್ಕದ ಅಂಗಡಿಯಲ್ಲಿ ಬೀಡಿಯ ಕಿಡಿ ಬಿದ್ದು ಅದರ ಡಬ್ಬಿ ಭಗ್ಗೆಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಾದ ಎಂಜಿನ್ನಿನ ಮೇಲೆ ಅದನ್ನು ಬಳಿಯುವುದೇ? ಐದು ತಿಂಗಳ ಮಗು ಕೂರುವ ಕಾರಿಗೆ? ಅವನು ಡಬ್ಬಿಯ ಮುಚ್ಚಳ ಬಿಗಿದು ಅದನ್ನು ಮೂಲೆಗೆ ತಳ್ಳಿದ.

ಹೀಗೆ ಹೆದರಿಯೇ ಅವನು ಅಪ್ಪನ ಮನೆಯ ಅಂಟಿಗೆ ಹೋದ. ಕಂಬಳಿ ನೇಯುವವರ ಮನೆಯಲ್ಲಿ ಹುಣಸೆಬೀಜ ಹುರಿದು, ಬೀಸಿ, ಗಂಜಿ ಕಾಯಿಸುತ್ತಾರೆ. ಆ ಗಂಜಿ ಕುಡಿದ ನೂಲು ತಂತಿಯ ಹಾಗೆ ನಿಲ್ಲುತ್ತದೆ, ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುತ್ತದೆ. ಅದರಲ್ಲಿ ಬೆಂಕಿ ಹತ್ತುವಂಥದ್ದು ಏನೂ ಇಲ್ಲ. ದೊಡ್ಡಗಂಗಮ್ಮ ಒಲೆಯ ಮುಂದೆ ಕೂತು ಕಾಯಿಸಿಕೊಟ್ಟಳು. ಸೊಣ್ಣಪ್ಪ ಮೊದಲು ಒಂದು ತಗಡಿನ ಚೂರಿಗೆ ಅಂಗೈಯಗಲ ಕಂಬಳಿ ಅಂಟಿಸಿ ಉರಿಬಿಸಿಲಿಗೆ ಇಟ್ಟ. ಸಂಜೆ ಎಳೆದು ನೋಡಿದ, ಬರಲಿಲ್ಲ. ಕೆಂಡದ ಮೇಲೆ ಹಿಡಿದು ನೋಡಿದ, ಜಗ್ಗಲಿಲ್ಲ. ಆಮೇಲೆಯೇ ಬಾನೆಟ್ಟಿಗೆ ಬಳಿದ. ಅಂಚಿನಗುಂಟ ಮೂರು ಸಲ ಬಳಿದು, ಬಿದಿರು ದಬ್ಬೆಗಳನ್ನು ಆನಿಸಿ, ಒಂದು ರಾತ್ರಿ ಒಂದು ಹಗಲು ಒಣಗಲು ಬಿಟ್ಟ.

ಮಂಗಳವಾರ ಸಂಜೆ ಕೋದಂಡರಾಮಪ್ಪ ಬಂದು ಬೆರಳಗಂಟಿನಿಂದ ಬಡಿದು ನೋಡಿದರು. ಹಲಗೆಯ ಹಾಗೆ ಟಕ್ ಟಕ್ ಎಂದಿತು.

"ಭೇಷ್! ದೊರೆ ಇದ್ದಿದ್ರೆ ನಿನ್ನ ಸೀಮೆಗೆ ಕರ್ಕೊಂಡೋಗಿಬಿಡೋನು."

ಆ ಮಾತಿನ ಬಿಸಿಯಲ್ಲಿ ಸೊಣ್ಣಪ್ಪ ಅಂದು ಹೆದರಿಕೆ ಇಲ್ಲದೆ ಮಲಗಿದ.

ಬುಧವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಕೋದಂಡರಾಮಪ್ಪನವರ ಹೆಂಡತಿ ಭಾರತಮ್ಮ ಬಾಗಿಲಲ್ಲಿ ನಿಂತುಬಿಟ್ಟರು. ಹೊರಟವರು ಗಂಡ, ಹೆಂಡತಿ, ಮಗಳು. ಒಳ್ಳೆಯ ಕೆಲಸಕ್ಕೆ ಮೂರು ಜನ ಹೊರಡಬಾರದು.

"ಮಗು ಇಲ್ವೇನೇ? ನಾಲ್ಕಾಯ್ತಲ್ಲ," ಎಂದರು ಕೋದಂಡರಾಮಪ್ಪ.

"ಹಲ್ಲು ಹುಟ್ಟದಿರೋದು ಲೆಕ್ಕಕ್ಕೆ ಬರಲ್ಲ. ನಿಮಗೆ ಗಣಿ ಶಾಸ್ತ್ರ ಗೊತ್ತು, ಇದು ಗೊತ್ತಿಲ್ಲ, ಸುಮ್ನಿರಿ." ಭಾರತಮ್ಮ ಕಾರು ನೋಡಲು ಬಂದು ನಿಂತಿದ್ದ ಮುನಿಯಲ್ಲಮ್ಮನ ಕಡೆ ತಿರುಗಿದರು. "ಮುನಿಯಲ್ಲಮ್ಮಾ, ನೀನು ಬಾರೇ. ಊಟ ಮಾಡ್ಕೊಂಡು ಸಾಯಂಕಾಲ ನಮ್ಮ ಜೊತೇಲೇ ಬಂದುಬಿಡ್ತೀಯಂತೆ."

ಮುನಿಯಲ್ಲಮ್ಮ ಹುಟ್ಟಿದಾಗಿನಿಂದ ಕಾರು ಹತ್ತಿದವಳಲ್ಲ. ಮನೆಗೆ ಓಡಿಹೋಗಿ ಸೀರೆ ಬದಲಾಯಿಸಿಕೊಂಡು, ಕೊಡೆ ಬೇಕಾ ಬೇಡವಾ ಎಂದು ಎರಡು ಸಲ ಒಳಗೆ ಹೋಗಿ ಹೊರಗೆ ಬಂದು, ಹಿಂದಿನ ಸೀಟಿನ ಎಡಗಡೆ ಕೂತಳು. ನಡುವೆ ಮಗುವಿನೊಡನೆ ಶಾಮಲಮ್ಮ, ಆಚೆ ಭಾರತಮ್ಮ. ಮುಂದೆ ತೊಟ್ಟಿಲು, ಗಂಟುಮೂಟೆ. ಕೋದಂಡರಾಮಪ್ಪ ಹೊರಗಿನಿಂದ ಬಾಗಿಲು ಹಾಕಿದರು.

"ಮಾವ, ಇದನ್ನ ತೆಗೆಯೋದು ಹೆಂಗೆ?" ಎಂದು ಅವಳು ಕಿಟಕಿಯಿಂದ ಕೇಳಿದಳು.

"ಅವರೇ ತೆಗೀತಾರೆ, ನೀನು ಏನೂ ಮುಟ್ಟಬೇಡ," ಎಂದ ಸೊಣ್ಣಪ್ಪ.

ಕಾರು ಕೋಲಾರದ ದಾರಿ ಹಿಡಿದಾಗ ಒಂಬತ್ತೂವರೆ.

ಹತ್ತು ಗಂಟೆಗೆ ಅವನು ಮನೆಯ ಜಗಲಿಯ ಮೇಲೆ ಮಧ್ಯಾಹ್ನದ ಕೆಲಸಕ್ಕೆ ನಾರು ಬಿಡಿಸುತ್ತಾ ಕೂತಿದ್ದ. ತಾಯಿ ಬಚ್ಚಲಿನಿಂದ ಕೂಗಿದಳು. "ಲೋ ಸೊಣ್ಣಾ, ಇದೇನೋ ಹಂಡೇಲಿ ಬಿದ್ದೈತೆ? ಇಲಿ ಗಿಲಿ ಬಿತ್ತೇನೋ ನೋಡು ಬಾ."

ಅವನು ಹೋಗಿ ನೋಡಿದ. ನೀರು ಕಾದಿತ್ತು. ಹಂಡೆಯ ಮುಚ್ಚಳ ಸಿಗಲಿಲ್ಲವೆಂದು ದೊಡ್ಡಗಂಗಮ್ಮ ಕೈಗೆ ಸಿಕ್ಕ ತಗಡನ್ನು ಮುಚ್ಚಿದ್ದಳು. ಅದು ಅವನು ಸೋಮವಾರ ಪರೀಕ್ಷೆಗೆಂದು ಕಂಬಳಿ ಅಂಟಿಸಿದ್ದ ತಗಡು. ಈಗ ಅದರ ಮೇಲೆ ಕಂಬಳಿ ಇರಲಿಲ್ಲ. ಲೋಳೆ ಮಾತ್ರ ಇತ್ತು. ಬೆರಳಿಟ್ಟರೆ ಬೆರಳು ಜಾರಿತು. ಕಂಬಳಿಯ ಚೂರು ಹಂಡೆಯ ತಳದಲ್ಲಿ ಕಪ್ಪಗೆ ಮಲಗಿತ್ತು.

ಅವನು ತಗಡನ್ನು ಹಿಡಿದುಕೊಂಡೇ ನಿಂತ.

"ಅವ್ವಾ, ಗಂಜಿ ಬಿಟ್ಟೋಯ್ತಲ್ಲವ್ವಾ."

"ಬಿಡದೆ ಏನು? ಬಿಸಿನೀರಾವಿ ತಾಗಿದ್ರೆ ಬಿಡ್ತೈತೆ. ಮೂರು ಮಳೆ ನೆಂದ ಕಂಬಳಿ ಮೆತ್ತಗಾಗೋದು ಮತ್ತೆ ಯಾಕೆ? ನಿಮ್ಮಪ್ಪನ ಮಗ ನೀನು, ನಿಂಗೆ ಗೊತ್ತಿಲ್ವಾ?" ಎಂದವಳೇ ಮಗನ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕೋ? ಕಾರಿನ ಒಳಗೆ ನೀರೇನೂ ಬೀಳಲ್ಲ ತಾನೆ?"

ಕಾರಿನ ಒಳಗೆ ನೀರು ಬೀಳುವುದಿಲ್ಲ. ಆದರೆ ದೊರೆ ಕಾರು ಏರು ಹತ್ತುವಾಗ ಕುದಿಯುತ್ತದೆ. ಅದನ್ನು ಮುಳಬಾಗಿಲಿನಲ್ಲಿ ನೋಡದವರೇ ಇಲ್ಲ. ಮೂತಿಯಿಂದ ಬುಸುಬುಸು ಆವಿ ಬಿಡುತ್ತಾ ನಿಂತರೆ, ಕೋದಂಡರಾಮಪ್ಪ ಇಳಿದು, ಬಾನೆಟ್ ಎತ್ತದೆ, ಮೂತಿಯ ಮೇಲಿನ ಮುಚ್ಚಳ ತಿರುಗಿಸಿ ಡಬ್ಬಿಯಿಂದ ನೀರು ಹುಯ್ಯುತ್ತಾರೆ. ಬಿಸಿಲನ್ನೂ ಕೆಂಡವನ್ನೂ ನೆನೆದು ಪರೀಕ್ಷಿಸಿದ್ದ ಸೊಣ್ಣಪ್ಪನಿಗೆ ಆವಿ ನೆನಪಾಗಿರಲಿಲ್ಲ.

ಅವನ ಕಣ್ಣ ಮುಂದೆ ಎಲ್ಲವೂ ಒಂದರ ಹಿಂದೆ ಒಂದು ನಡೆದುಹೋಯಿತು. ಗಂಜಿ ಲೋಳೆಯಾಗುತ್ತದೆ. ಕಂಬಳಿ ಜಾರುತ್ತದೆ. ಕೆಳಗೆ ಸೈಲೆನ್ಸರಿಗೆ ಹೋಗುವ ಕೊಳವೆ ಕಾದು ಕೆಂಪಗಿರುತ್ತದೆ. ಅದರ ಪಕ್ಕದಲ್ಲೇ ಪೆಟ್ರೋಲಿನ ಸಣ್ಣ ನಳಿಗೆ. ಸುತ್ತ ಎಣ್ಣೆ. ಆಮೇಲೆ ಇನ್ನೊಂದು ನೆನಪಾಯಿತು. ಹೋದ ವರ್ಷ ಅದೇ ಕಾರಿನ ಬಾಗಿಲುಗಳ ರೆಕ್ಸಿನ್ ಬದಲಾಯಿಸಿದವನು ಅವನೇ. ಹಿಂದಿನ ಎಡಗಡೆ ಬಾಗಿಲಿನ ಒಳಹಿಡಿ ಮುರಿದಿತ್ತು. ಅದು ಹೊರಗಿನಿಂದ ಮಾತ್ರ ತೆರೆಯುವ ಬಾಗಿಲು.

ಆ ಬಾಗಿಲ ಪಕ್ಕದಲ್ಲಿ ಮುನಿಯಲ್ಲಮ್ಮ ಕೂತಿದ್ದಾಳೆ. ಏನೂ ಮುಟ್ಟಬೇಡ ಎಂದು ಅವನೇ ಹೇಳಿ ಕಳಿಸಿದ್ದಾನೆ.

"ಅಯ್ಯೋ ನನ್ನ ಕೂಸೇ," ಎಂದು ದೊಡ್ಡಗಂಗಮ್ಮ ಬಚ್ಚಲ ಕಟ್ಟೆಯ ಮೇಲೆ ಕುಸಿದಳು. ಅವನು ಚಪ್ಪಲಿ ಮೆಟ್ಟದೆ ಬಸ್ ನಿಲ್ದಾಣಕ್ಕೆ ಓಡಿದ.

ಕೋಲಾರದ ಬಸ್ಸು ಹೊರಟಿತ್ತು. ಹಿಂದಿನಿಂದ ಓಡಿ ಕಂಬಿ ಹಿಡಿದು ನೇತಾಡಿದ. ಬಾವಿಗೆ ಬಗ್ಗಲು ಹೆದರುವವನು ಓಡುವ ಬಸ್ಸಿಗೆ ಹಾರಿದ್ದನ್ನು ಕಂಡು ಕಂಡಕ್ಟರ್ ಬೈಯುವುದನ್ನೂ ಮರೆತ. ಸೊಣ್ಣಪ್ಪ ಮುಂದಿನ ಸೀಟಿನ ಕಂಬಿಗೆ ಎದೆಯೊತ್ತಿ ನಿಂತು ದಾರಿ ನೋಡಿದ. ಬಿಸಿಲಿನಲ್ಲಿ ಡಾಂಬರು ನೀರಿನ ಹಾಗೆ ಹೊಳೆಯುತ್ತಿತ್ತು. ದೂರದಲ್ಲಿ ಕರ್ರಗೆ ಏನು ಕಂಡರೂ ಕಂಬಿಯ ಮೇಲೆ ಬಗ್ಗಿ ನೋಡಿದ. ಒಂದು ಎಮ್ಮೆ. ಒಂದು ಮುರಿದ ಗಾಡಿ. ಬೇಲಿಗೆ ಬೆಂಕಿ ಹಾಕಿದ್ದ ಯಾರೋ. ಆ ಹೊಗೆ ಕಂಡಾಗ ಅವನು "ನಿಲ್ಸೀ!" ಎಂದು ಕಿರುಚಿದ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಏನಯ್ಯಾ, ಇಳೀತೀಯಾ?"

"ಇಲ್ಲ ಸಾಮಿ. ಹೋಗಿ, ಹೋಗಿ. ಬೇಗ ಹೋಗಿ."

ಕೋಲಾರದಲ್ಲಿ ಇಳಿದವನು ಟೇಕಲ್ ರಸ್ತೆಯ ಮೂಲೆಯ ಪೆಟ್ರೋಲ್ ಬಂಕಿಗೆ ಓಡಿದ. ಕೋಲಾರಮ್ಮನಿಗೆ ಮಗುವನ್ನು ತೋರಿಸಿಕೊಂಡು ಹೋಗುತ್ತೇವೆ ಎಂದು ಭಾರತಮ್ಮ ಹೇಳಿದ್ದರು. ಇನ್ನೂ ಊರಲ್ಲೇ ಇರಬಹುದು ಎಂಬ ಒಂದು ಆಸೆ.

"ಕರೀ ಕಾರಾ? ದೊಡ್ಡ ಮೂತೀದು? ಹೋಗಿ ಇಪ್ಪತ್ತು ನಿಮಿಷ ಆಯ್ತಲ್ಲಾ," ಎಂದ ಬಂಕಿನವನು. "ಇಲ್ಲೇ ನಿಂತಿತ್ತು. ಒಲೆ ಮೇಲಿನ ಪಾತ್ರೆ ತರ ಕುದೀತಿತ್ತು. ನಾನೇ ಒಂದು ಬಕೆಟ್ ನೀರು ಕೊಟ್ಟೆ. ಆರಲಿ ಸಾರ್, ಆಮೇಲೆ ಹೋಗೀರಂತೆ ಅಂದೆ. ಹನ್ನೆರಡಕ್ಕೆ ರಾಹುಕಾಲ, ಅಷ್ಟರಲ್ಲಿ ಹೊಸಲು ದಾಟಿಸ್ಬೇಕು ಅಂತ ಆ ಅಮ್ಮ ಒಂದೇ ಅವಸರ."

"ಬಾನೆಟ್ ಒಳಗೆ ಕಂಬಳಿ ಹೆಂಗಿತ್ತು?"

"ಕಂಬಳಿಯಾ?" ಬಂಕಿನವನು ನಕ್ಕುಬಿಟ್ಟ. "ಈ ಬಿಸಿಲಲ್ಲಿ ಕಾರಿಗೇನಪ್ಪಾ ಚಳಿ?"

ಸೊಣ್ಣಪ್ಪ ನಗಲಿಲ್ಲ. ಆವಿ ಬಂದಾಗಿದೆ. ಅದರ ಮೇಲೆ ಅವಸರ ಬೇರೆ. ಕಾರನ್ನು ಬಿರುಸಾಗಿ ಓಡಿಸುತ್ತಿದ್ದಾರೆ.

ಟೇಕಲ್ಲಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವನು ರಸ್ತೆಯ ನಡುವೆ ನಿಂತು ಎರಡೂ ಕೈಯೆತ್ತಿದ. ಶ್ರೀನಿವಾಸಪುರದ ಮಾವಿನಕಾಯಿ ಹೇರಿದ ಲಾರಿಯೊಂದು ಅವನ ಮೊಣಕಾಲಿಗೆ ಮೊಳದ ದೂರದಲ್ಲಿ ಕೀರಲಿಟ್ಟು ನಿಂತಿತು. ಡ್ರೈವರ್ ಕದಿರೇಶ ತಲೆ ಹೊರಗೆ ಹಾಕಿದ. ಅವನ ಸೀಟನ್ನು ಹೊಲಿದವನೂ ಸೊಣ್ಣಪ್ಪನೇ.

"ಏಮಯ್ಯಾ ಮೂರ್ಹೊಲಿಗೆ! ಸಾಯೋಕೆ ನನ್ನ ಲಾರೀನೇ ಬೇಕಿತ್ತಾ? ಹೆಂಡ್ತಿ ಓಡಿಹೋದ್ಳಾ?"

ಸೊಣ್ಣಪ್ಪ ಹತ್ತಿ ಕೂತು, ಉಸಿರು ಸಿಕ್ಕಿದಷ್ಟು ಹೇಳಿದ. ಕಂಬಳಿ, ಗಂಜಿ, ಆವಿ, ಬಾಗಿಲು. ಕದಿರೇಶನ ಮುಖದಿಂದ ನಗು ಇಳಿಯಿತು. ಅವನು ಬಾಯಲ್ಲಿದ್ದ ಬೀಡಿಯನ್ನು ತೆಗೆದು ಹೊರಗೆ ಎಸೆದ. ಗೇರು ಹಾಕಿದ. ಲಾರಿ ಗುಡುಗುತ್ತಾ ಹೊರಟಿತು. ಹಿಂದೆ ಮಾವಿನಕಾಯಿಗಳು ಗುಳುಗುಳು ಉರುಳುವ ಸದ್ದು.

ಟೇಕಲ್ ಕಡೆಯ ಬಯಲಿಗೆ ಬಂದಾಗ ಸೊಣ್ಣಪ್ಪನಿಗೆ ನಿಜವಾದ ನರಕ ಕಂಡಿತು. ಅದು ಇಟ್ಟಿಗೆ ಸುಡುವ ಕಾಲ. ಎಡಕ್ಕೆ ಹೊಗೆ, ಬಲಕ್ಕೆ ಹೊಗೆ, ಹುಣಸೆಮರಗಳ ಆಚೆ ಹೊಗೆ. ಒಂದೊಂದು ಗೂಡಿನ ಹೊಗೆಯೂ ರಸ್ತೆಯ ಮೇಲಿಂದಲೇ ಎದ್ದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಗದ್ದೆಯ ಆಚೆಗಿರುತ್ತಿತ್ತು. ಅಷ್ಟರಲ್ಲಿ ಮುಂದೆ ಇನ್ನೊಂದು.

"ಅದು ಗೂಡು ಕಣಯ್ಯಾ," ಎನ್ನುತ್ತಿದ್ದ ಕದಿರೇಶ. "ಅದೂ ಗೂಡೇ."

ಒಂದು ಕಡೆ ರಸ್ತೆಯ ಮೇಲೆ ಕರ್ರನೆಯ ಉಣ್ಣೆಯಂಥದ್ದು ಚದುರಿ ಬಿದ್ದಿತ್ತು. ಗಾಳಿಗೆ ಅಲುಗುತ್ತಿತ್ತು. ಸೊಣ್ಣಪ್ಪ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ಫ್ಯಾನು ಕಂಬಳಿಯನ್ನು ಕಚ್ಚಿ ಉಗುಳುತ್ತಿದೆ. ಕದಿರೇಶ ವೇಗ ಇಳಿಸಿ ಬಗ್ಗಿ ನೋಡಿದ.

"ಕಾಗೆ. ಯಾವನೋ ಹೊಡ್ಕೊಂಡು ಹೋಗವ್ನೆ. ಪುಕ್ಕ ಅದು."

ಸೊಣ್ಣಪ್ಪ ಅಳುತ್ತಿದ್ದುದು ಅವನಿಗೇ ತಿಳಿದಿರಲಿಲ್ಲ. ದೇವರ ಹೆಸರು ಒಂದೂ ಬಾಯಿಗೆ ಬರುತ್ತಿರಲಿಲ್ಲ. ಮಾವ, ಇದನ್ನ ತೆಗೆಯೋದು ಹೆಂಗೆ? ಆ ಒಂದು ಮಾತೇ ಕಿವಿಯಲ್ಲಿ ಸುತ್ತುತ್ತಿತ್ತು.

ಟೇಕಲ್ಲಿಗೆ ಮುಂಚಿನ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಹೋಗಿ, ಅದರ ಹಿಂದೆ ಬರುವ ಪ್ಯಾಸೆಂಜರಿಗೆ ಕಾಯುತ್ತಿದ್ದರು. ಎಂಟು ಹತ್ತು ಎತ್ತಿನ ಗಾಡಿ, ಒಂದು ಟ್ರ್ಯಾಕ್ಟರು, ಸೈಕಲ್ಲುಗಳು. ಎಲ್ಲಕ್ಕಿಂತ ಮುಂದೆ, ಗೇಟಿನ ಕಂಬಿಗೆ ಮೂತಿ ತಾಗಿಸಿ, ಕಪ್ಪು ಕಾರು. ನಿಲ್ಲಿಸಿದರೆ ಮತ್ತೆ ಹೊರಡದೆಂದು ಕೋದಂಡರಾಮಪ್ಪ ಎಂಜಿನ್ ಆರಿಸಿರಲಿಲ್ಲ. ಇಡೀ ಕಾರು ನಡುಗುತ್ತಿತ್ತು. ಬಾನೆಟ್ಟಿನ ಬದಿಯ ಸೀಳಿನಿಂದ ಆವಿ ಬರುತ್ತಿತ್ತು. ಆವಿಯ ಜೊತೆಗೆ ಇನ್ನೊಂದು ಎಳೆ ಇತ್ತು, ತೆಳ್ಳಗೆ, ಹಳದಿಯಾಗಿ.

ಲಾರಿ ನಿಲ್ಲುವ ಮೊದಲೇ ಸೊಣ್ಣಪ್ಪ ಧುಮುಕಿದ. ಎತ್ತುಗಳ ನಡುವೆ ನುಗ್ಗಿದ, ಬಿದ್ದ, ಎದ್ದ.

"ಮುನೀ! ಮುನೀ! ಇಳಿಯೇ!"

ಮಾಲೂರು ಸೀಮೆಯ ಆ ಜನರ ಮುಂದೆ, ನಡುರಸ್ತೆಯಲ್ಲಿ, ಹೆಂಡತಿಯ ಹೆಸರು ಹಿಡಿದು ಕೂಗುತ್ತಾ ಓಡಿದ. ಹಿಂದಿನ ಎಡಗಡೆ ಬಾಗಿಲನ್ನು ಕಿತ್ತಂತೆ ತೆರೆದು, ಅವಳ ರಟ್ಟೆ ಹಿಡಿದು ಎಳೆದು ಮಣ್ಣಿಗೆ ಕೆಡವಿದ. ಅದೇ ಬಾಗಿಲಿನೊಳಗೆ ಕೈ ಚಾಚಿ ಶಾಮಲಮ್ಮನನ್ನು, ಮಗುವನ್ನು, ಒಟ್ಟಿಗೇ ಎಳೆದ.

"ಸೊಣ್ಣಪ್ಪಾ! ಏನೋ ಇದು? ಕುಡಿದಿದ್ದೀಯಾ?" ಕೋದಂಡರಾಮಪ್ಪ ಇಳಿದು ಬಂದರು. ಭಾರತಮ್ಮ ಆಚೆ ಬಾಗಿಲಿನಿಂದ ಚೀರುತ್ತಾ ಇಳಿದರು. ಗಾಡಿಯವರು ಬಾರುಕೋಲು ಹಿಡಿದು ಓಡಿಬಂದರು.

"ಎಂಜಿನ್ ಆರ್ಸಿ ಸಾರ್! ನಿಮ್ಮ ಕಾಲು ಹಿಡೀತೀನಿ, ಆರ್ಸಿ!"

ಅವನ ಮುಖದಲ್ಲಿ ಏನು ಕಂಡರೋ, ಕೋದಂಡರಾಮಪ್ಪ ಒಳಗೆ ಬಗ್ಗಿ ಕೀಲಿ ತಿರುಗಿಸಿದರು. ಸೊಣ್ಣಪ್ಪ ಬಾನೆಟ್ ಎತ್ತಿದ.

ಕಂಬಳಿಯ ಅರ್ಧ ಕೆಳಗೆ ಬಂದಿತ್ತು. ಒಂದು ಅಂಚನ್ನು ಫ್ಯಾನು ಗರಗಸದಂತೆ ಕತ್ತರಿಸಿತ್ತು. ಇನ್ನೊಂದು ಅಂಚು ಕಾದ ಕೊಳವೆಯ ಮೇಲೆ ಮಲಗಿ ಕಂದಿ, ಕರಕಲಾಗಿ, ಸುಟ್ಟ ಕೂದಲಿನ ನಾತ ಬಿಡುತ್ತಾ ಹೊಗೆಯಾಡುತ್ತಿತ್ತು. ಪೆಟ್ರೋಲಿನ ನಳಿಗೆಗೂ ಆ ಕರಕಲಿಗೂ ನಡುವೆ ಎರಡು ಬೆರಳು. ಸೊಣ್ಣಪ್ಪ ಬರಿಗೈಯಲ್ಲಿ ಅದನ್ನು ಹಿಡಿದು ಎಳೆದ. ಅಂಗೈ ಚುರ್ ಎಂದಿತು, ಬಿಡಲಿಲ್ಲ. ಎಳೆದು ರಸ್ತೆಗೆ ಎಸೆದಾಗ, ಗಾಳಿ ತಾಗಿದ್ದೇ, ಎಣ್ಣೆ ಕುಡಿದ ಅಂಚಿನಲ್ಲಿ ಸಣ್ಣ ನೀಲಿ ಉರಿ ಓಡಿತು. ಕದಿರೇಶ ಓಡಿಬಂದು ಮಣ್ಣು ಸುರಿದು ತುಳಿದ.

ಗಾಡಿಯವರು ಬಾರುಕೋಲು ಇಳಿಸಿದರು. ಮಗು ಅಳುತ್ತಿತ್ತು.

ಆಗ ಸೊಣ್ಣಪ್ಪನೇ ಹೇಳಿದ. ಎಲ್ಲರ ಮುಂದೆ, ತಲೆಯೆತ್ತದೆ. "ತಪ್ಪು ನಂದೇ ಸಾರ್. ಹುಣಸೆಬೀಜದ ಗಂಜೀಲಿ ಅಂಟಿಸಿದ್ದೆ. ಆವಿಗೆ ಬಿಟ್ಟೋಗ್ತೈತೆ ಅಂತ ಯೋಚ್ನೆ ಮಾಡ್ಲಿಲ್ಲ. ನಂಗೆ ಈ ಕೆಲಸ ಬರ್ತಿರ್ಲಿಲ್ಲ."

ಕೋದಂಡರಾಮಪ್ಪ ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು.

"ಬರಲ್ಲ ಅಂತ ಹೇಳೋಕೇನಾಗಿತ್ತೋ?"

"ಹೆದರಿಕೆ ಸಾರ್."

"ಯಾರ ಹೆದರಿಕೆ?"

"ನಿಮ್ಮದೇ ಸಾರ್."

ಅವರು ರಸ್ತೆಯ ಬದಿಯ ಮೈಲಿಕಲ್ಲಿನ ಮೇಲೆ ಕೂತರು. ಕೂತ ಮೇಲೆ ಆ ಇಸ್ತ್ರಿ ಅಂಗಿಯ ಮನುಷ್ಯ ಬಹಳ ಸಣ್ಣವರಾಗಿ ಕಂಡರು. ಭಾರತಮ್ಮ ಬೈಯುವುದಕ್ಕೆ ಶುರು ಮಾಡಿದವರು, "ನನ್ನ ಮೊಮ್ಮಗೂನ..." ಎಂಬಲ್ಲಿಗೆ ಬಂದು ಅಳತೊಡಗಿದರು.

ಪ್ಯಾಸೆಂಜರು ಹೋಯಿತು, ಗೇಟು ತೆರೆಯಿತು. ಯಾರೂ ಕಾರು ಹತ್ತಲಿಲ್ಲ. ಕದಿರೇಶ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತೇನೆಂದ. ಉಳಿದವರು ಎರಡು ಮೈಲಿ ದೂರದ ಬೀಗರ ಊರಿಗೆ ನಡೆದೇ ಹೊರಟರು. ಹನ್ನೆರಡು ದಾಟಿ ಎಷ್ಟೋ ಹೊತ್ತಾಗಿತ್ತು. ರಾಹುಕಾಲದ ಮಾತನ್ನು ಯಾರೂ ಎತ್ತಲಿಲ್ಲ. ಹಳಿ ದಾಟುವಲ್ಲಿ ಶಾಮಲಮ್ಮ ಸೀರೆ ಎತ್ತಿ ಹಿಡಿಯಲೆಂದು ಮಗುವನ್ನು ಸೊಣ್ಣಪ್ಪನ ಕಡೆ ಚಾಚಿದಳು.

"ಸ್ವಲ್ಪ ಹಿಡ್ಕೊಳಣ್ಣಾ."

ಹಿಂದಿನ ದಿನವಾಗಿದ್ದರೆ ಅವನು ಹಿಡಿದುಬಿಡುತ್ತಿದ್ದ. ಈಗ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಬ್ಯಾಡ ತಾಯಿ. ನನ್ನ ಕೈಲಾಗಲ್ಲ. ನಡುಗ್ತೈತೆ. ಮುನಿಗೆ ಕೊಡಿ."

ಆ ವರ್ಷದ ನಂತರವೂ ಅವನು ಬಹಳ ಕಾಲ ಮುಳಬಾಗಿಲಿನಲ್ಲಿ ಸೀಟು ಹೊಲಿದ. ಹೆದರಿಕೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಹೊಸ ಲಾರಿಯವರು ಕೇಳುವ ಬಾರದ ಕೆಲಸಗಳಿಗೆಲ್ಲ "ನಂಗೆ ಬರಲ್ಲ" ಎಂದು ಎರಡೇ ಮಾತಿನಲ್ಲಿ ಹೇಳಿ ಸೂಜಿಗೆ ನೂಲು ಪೋಣಿಸುತ್ತಿದ್ದ. ಕೆಲವರು ಬೇಸರಪಟ್ಟು ಬೇರೆ ಅಂಗಡಿಗೆ ಹೋದರು. ಕೋದಂಡರಾಮಪ್ಪ ಮತ್ತೆ ಆ ಅಂಗಡಿಗೆ ಬರಲಿಲ್ಲ, ಆದರೆ ಅವನ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ದೊರೆ ಕಾರಿನ ಬಾನೆಟ್ ಬಣ್ಣ ಕಾದು ಕಾದು ಹಪ್ಪಳ ಎದ್ದಿತು. ಹಾಗೇ ಓಡಾಡಿತು.

ಆ ಬುಧವಾರ ಸಂಜೆ ಗಂಡ ಹೆಂಡತಿ ಟೇಕಲ್ಲಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಹೊರಟರು, ಅಲ್ಲಿಂದ ಬಸ್ಸು. ಬೀಗರ ಮನೆಯ ಮುದುಕಿಯೊಬ್ಬಳು ಅವನ ಎರಡೂ ಅಂಗೈಗಳಿಗೆ ಲೋಳೆಸರದ ತಿರುಳು ಹಚ್ಚಿ ಬಾಳೆಲೆ ಸುತ್ತಿದ್ದಳು. ರೈಲಿನ ಡಬ್ಬಿಯಲ್ಲಿ ಮಾಲೂರಿನ ಕಾರ್ಖಾನೆಗಳಿಂದ ಮನೆಗೆ ಹೋಗುವವರು ತುಂಬಿದ್ದರು. ಮುನಿಯಲ್ಲಮ್ಮ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಕತ್ತಲಾಗುವ ಮುಂಚಿನ ಬಯಲಿನಲ್ಲಿ ಇಟ್ಟಿಗೆ ಗೂಡುಗಳ ಬಾಯಿ ಕೆಂಪಗೆ ಕಾಣತೊಡಗಿತ್ತು.

"ಮಾವ, ಗೇಟು ಹಾಕಿರ್ಲಿಲ್ಲ ಅಂದಿದ್ರೆ?"

ಬಾಳೆಲೆ ಸುತ್ತಿದ ಅವನ ಕೈಗಳು ಮಡಿಲಲ್ಲಿ ತಟತಟ ಕುಣಿದವು. ಎದುರು ಸೀಟಿನವರು ನೋಡುತ್ತಿದ್ದರು. ಮುನಿಯಲ್ಲಮ್ಮ ಅವರೆಲ್ಲ ನೋಡುತ್ತಿರುವಾಗಲೇ ತನ್ನ ಎರಡೂ ಕೈಗಳಿಂದ ಅವನ ಮಣಿಕಟ್ಟುಗಳನ್ನು ಒತ್ತಿ ಹಿಡಿದಳು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಬಂಗಾರಪೇಟೆ ಬರುವವರೆಗೆ ಬಿಡಲೂ ಇಲ್ಲ.